ಸ್ಪಷ್ಟನೆ: ಜನ ದಟ್ಟವಾಗಿದ್ದರೆ ದೇಶ ಬಡವಾಗಿಯೇ ಇರುತ್ತದಾ?

‘ಚದರ ಕಿಲೋಮೀಟರಿಗೆ ಜನ ಜಾಸ್ತಿ ಆದಷ್ಟೂ ಬದುಕು ಕೆಡುತ್ತದೆ, ಅದಕ್ಕೇ ದಟ್ಟ ದೇಶಗಳೆಲ್ಲ ಬಡ ದೇಶಗಳು’ ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸಿಂಗಾಪುರವನ್ನೇ ನೋಡಿ. ಅಲ್ಲಿ ಚದರ ಕಿಲೋಮೀಟರಿಗೆ ಸುಮಾರು 8,000 ಜನ. ನಮ್ಮ ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ 4,381. ಆದರೂ ಸಿಂಗಾಪುರದವರ ಸರಾಸರಿ ಆಯಸ್ಸು 80 ದಾಟಿದೆ. 1960ರಲ್ಲಿ ಶುರುವಾದ ವಸತಿ ಮಂಡಳಿ ಕಟ್ಟಿದ ಫ್ಲ್ಯಾಟುಗಳಲ್ಲೇ ಮುಕ್ಕಾಲು ಪಾಲು ನಿವಾಸಿಗಳಿದ್ದಾರೆ. ಎಷ್ಟೋ ಬ್ಲಾಕುಗಳಲ್ಲಿ ನೆಲಮಹಡಿಯನ್ನು ಸುಮ್ನೆ ಖಾಲಿ ಬಿಟ್ಟಿರುತ್ತಾರೆ. ಮದುವೆ ಊಟವೂ ಅಲ್ಲೇ, ಸಾವಿನ ಶಾಸ್ತ್ರವೂ ಅಲ್ಲೇ, ಅಜ್ಜಂದಿರ ಚೆಸ್ಸೂ ಅಲ್ಲೇ!

‘ಅದು ಒಂದೇ ಊರಿನ ದೇಶ ಅಲ್ವಾ?’ ಅನ್ನಬಹುದು. ಒಪ್ಪೋಣ. ನೆದರ್ಲೆಂಡ್ಸ್ ತಗೊಳ್ಳಿ: ಭಾರತಕ್ಕಿಂತ ದಟ್ಟ, ಆದರೂ ಹಾಲು, ಹೂವು, ತರಕಾರಿ ಹೊರದೇಶಕ್ಕೆ ಮಾರುತ್ತದೆ. ನೈಜರ್‌ನಲ್ಲಿ ಚದರ ಕಿಲೋಮೀಟರಿಗೆ 20ರ ಆಸುಪಾಸು ಜನ, ಆದರೆ ತೀರಾ ಬಡ ದೇಶಗಳಲ್ಲಿ ಅದೂ ಒಂದು.

ಢಾಕಾದ ಇಕ್ಕಟ್ಟು ಸುಳ್ಳಲ್ಲ. ಆದರೆ ಅಷ್ಟು ದಟ್ಟವಾದ ಬಾಂಗ್ಲಾದೇಶದಲ್ಲೂ ಸರಾಸರಿ ಆಯಸ್ಸು 70 ದಾಟಿದೆ.

ಇನ್ನೊಂದು ಮಾತು. ಇಡೀ ದೇಶದ ಸರಾಸರಿ ದಟ್ಟಣೆ ನೋಡಿದರೆ ಈಜಿಪ್ಟ್ ಅಷ್ಟೇನೂ ಇಕ್ಕಟ್ಟಲ್ಲ ಅನ್ನಿಸುತ್ತದೆ. ಮರುಭೂಮಿಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ, ಅಷ್ಟೇ. ಜನರೆಲ್ಲ ಹೆಚ್ಚುಕಮ್ಮಿ ನೈಲ್ ನದಿಯ ದಂಡೆಗೇ ಅಂಟಿಕೊಂಡಿದ್ದಾರೆ.