ಸಿವಿಲ್ ಓದಿದವರು ಸಿವಿಲ್‌ನಲ್ಲೇ ಉಳಿಯಬೇಕಾ?

ಸಿಇಟಿ ಸೀಟು ಹಂಚಿಕೆಯಲ್ಲಿ ಕಂಪ್ಯೂಟರ್ ಸೈನ್ಸ್ ಮೊದಲು ತುಂಬುತ್ತದೆ. ಸಿವಿಲ್ ಇಂಜಿನಿಯರಿಂಗ್ ಸೀಟುಗಳು ಕಾಯುತ್ತಾ ಕೂತಿರುತ್ತವೆ. ಸೇರಿದವರಲ್ಲೂ ಎಷ್ಟೋ ಮಂದಿ ಕೊನೇ ವರ್ಷಕ್ಕೆ ಬರುವಷ್ಟರಲ್ಲಿ ಜಾವಾ, ಪೈಥಾನ್ ಕೋಚಿಂಗ್ ಕಡೆ ಹೊರಟಿರುತ್ತಾರೆ. ಹೊರಡುವುದು ಸರಿಯಾ, ನಿಲ್ಲುವುದು ಸರಿಯಾ? ಒಬ್ಬರು ನಿಲ್ಲುವುದರ ಪರ, ಇನ್ನೊಬ್ಬರು ವಿರೋಧ; ಇಬ್ಬರ ಮಾತೂ ಕೆಳಗಿದೆ.

ಪರ: ಮೊದಲ ಸಂಬಳ ನೋಡಿ ಬಿಡಬೇಡಿ

ವಿಶ್ವೇಶ್ವರಯ್ಯನವರ ಹೆಸರು ಹೇಳಿ ಹುರಿದುಂಬಿಸುವ ಕೆಲಸ ಸೆಪ್ಟೆಂಬರ್ 15ರ ಇಂಜಿನಿಯರ್ ದಿನಕ್ಕೇ ಇರಲಿ. ತೀರಾ ಈಚಿನ ಸಂಗತಿ ತೆಗೆದುಕೊಳ್ಳೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ನೀರು ಹೊರಬಿಡುವ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರ ಬೆಳೆ ಆ ನೀರನ್ನೇ ನಂಬಿತ್ತು. ಆಗ ಯಾರನ್ನು ಕರೆಸಿದರು? ನಿವೃತ್ತಿ ವಯಸ್ಸು ಯಾವಾಗಲೋ ದಾಟಿದ್ದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ಗೇಟಿನ ಬದಲು ನೀರಿಗೆ ಅಡ್ಡ ಇಡುವ ತಾತ್ಕಾಲಿಕ ತಡೆ) ಇಳಿಸಿ, ಸುಮಾರು ಒಂದು ವಾರದಲ್ಲಿ ಪೋಲಾಗುತ್ತಿದ್ದ ನೀರನ್ನು ತಡೆದರು. ಈ ವಯಸ್ಸಿನವರನ್ನು ಹುಡುಕಿಕೊಂಡು ಹೋಗುವ ಸಾಫ್ಟ್‌ವೇರ್ ಕಂಪನಿ ಎಷ್ಟಿರಬಹುದು ಹೇಳಿ. ಇಲ್ಲಿ ಸಂಬಳ ನಿಧಾನವಾಗಿ ಏರುತ್ತದೆ, ಒಪ್ಪಿಕೊಳ್ಳೋಣ. ಆದರೆ ಕಲಿತದ್ದು ಬೇಗ ಹಳತಾಗುವುದಿಲ್ಲ.

ಆ ಕಲಿಕೆ ಬರುವುದು ಸೈಟಿನಿಂದ. ತಾರಸಿಯ ಮೋಲ್ಡ್ ಹಾಕುವ ದಿನ, ಕಲಸಿದ ಕಾಂಕ್ರೀಟ್ ಗಟ್ಟಿಯಾಯಿತು ಅಂತ ಮೇಸ್ತ್ರಿ ಪೈಪ್ ಹಿಡಿದು ಮಿಶ್ರಣಕ್ಕೇ ನೀರು ಬಿಡುತ್ತಾನೆ. ನೀರು ಜಾಸ್ತಿಯಾದಷ್ಟೂ ಬಲ ಕಡಿಮೆ ಎಂದು ಪುಸ್ತಕವೂ ಹೇಳುತ್ತದೆ. ಆದರೆ ಮೇಸ್ತ್ರಿ ಮುನಿಸಿಕೊಳ್ಳದ ಹಾಗೆ ಆ ಪೈಪ್ ಕಿತ್ತುಕೊಳ್ಳುವುದು ಹೇಗೆ? ಅದನ್ನು ಯಾವ ಕಾಲೇಜೂ ಹೇಳಿಕೊಡುವುದಿಲ್ಲ. ಕಂಬಿ ಕಟ್ಟಿದ್ದು ಡ್ರಾಯಿಂಗ್ ಪ್ರಕಾರ ಇದೆಯಾ, ಕಂಬಿಯ ಕೆಳಗೆ ಜಾಗ ಬಿಡಿಸುವ ಕವರ್ ಬ್ಲಾಕ್ ಇಟ್ಟಿದ್ದಾರಾ ಎಂದು ನಡೆದಾಡುತ್ತಲೇ ಗುರುತಿಸುವ ಕಣ್ಣು ನಾಲ್ಕೈದು ಮಳೆಗಾಲ ಕಳೆದ ಮೇಲೇ ಬರುತ್ತದೆ. ಆ ಕಣ್ಣಿಗೆ ಆಮೇಲೆ ಬೆಲೆ ಸಿಗುತ್ತದೆ.

ದಾರಿಗಳೂ ಒಂದೇ ಅಲ್ಲ. ಗೇಟ್ ಪ್ರವೇಶ ಪರೀಕ್ಷೆ ಬರೆದು ಎಂ.ಟೆಕ್‌ಗೋ ಸರ್ಕಾರಿ ಉದ್ಯಮಗಳಿಗೋ ಹೋಗಬಹುದು. ಕೆಪಿಎಸ್‌ಸಿ ಮೂಲಕ ಸರ್ಕಾರಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ (ಎಇ), ಕಿರಿಯ ಇಂಜಿನಿಯರ್ (ಜೆಇ) ಆಗಬಹುದು. ಇವು ಯಾವುವೂ ಬೇಡ ಅಂದರೆ ತಾಲೂಕು ಪಟ್ಟಣದಲ್ಲಿ ಸಣ್ಣದೊಂದು ಆಫೀಸು ತೆರೆಯಬಹುದು. ಮನೆ ಪ್ಲಾನು, ಎಸ್ಟಿಮೇಟು, ಬ್ಯಾಂಕಿನವರಿಗೆ ವ್ಯಾಲ್ಯುಯೇಶನ್ನು. ದೊಡ್ಡ ಹೆಸರೇನೂ ಬರಲಿಕ್ಕಿಲ್ಲ, ಆದರೆ ಊರಲ್ಲೇ ಇದ್ದು ಬದುಕಬಹುದು. ನನಗಂತೂ ಇದು ಬೆಂಗಳೂರಿನ ಟ್ರಾಫಿಕ್ಕಿಗಿಂತ ವಾಸಿ ಅನಿಸುತ್ತದೆ.

ವಿರೋಧ: ಜವಾಬ್ದಾರಿ ನಮ್ಮದು, ಅಧಿಕಾರ ಇನ್ನೊಬ್ಬರದು

ಪೈಪ್ ಕಿತ್ತುಕೊಳ್ಳಿ ಅನ್ನುವುದು ಸುಲಭ. ನಾನು ಕಿತ್ತುಕೊಂಡಿದ್ದೆ. "ಏನಮ್ಮಾ, ಲೇಬರ್ ವಾಪಸ್ ಹೋದ್ರೆ ಇವತ್ತಿನ ಕೂಲಿ ನೀನು ಕೊಡ್ತೀಯಾ?" ಅಂದರು ಕಂಟ್ರಾಕ್ಟರ್. ಮೇಸ್ತ್ರಿ ನಕ್ಕ. ನೀರು ಬಿತ್ತು.

ಹೊಸಬರಿಗೆ ಕೆಲಸ ನಿಲ್ಲಿಸುವ ಅಧಿಕಾರ ಇರುವುದಿಲ್ಲ. ಎಂ-25 ಕಾಂಕ್ರೀಟ್ ಅಂದರೆ, ಪರೀಕ್ಷೆಗೆಂದು ಮಾಡಿದ 15 ಸೆಂಟಿಮೀಟರ್ ಕ್ಯೂಬು 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬೇಕು. ಆ ಕ್ಯೂಬಿಗೆ ಮಾತ್ರ ಸಿಮೆಂಟ್ ಜಾಸ್ತಿ ಹಾಕಿ ಬೇರೆ ಮಿಶ್ರಣ ಕಲಸುವುದು ಸೈಟು ಕಂಡವರಿಗೆ ಹೊಸ ವಿಷಯವೇನಲ್ಲ. ರಿಪೋರ್ಟ್ ಚೆನ್ನಾಗಿ ಬರುತ್ತದೆ. ಅದರ ಕೆಳಗಿನ ಸಹಿ, ಹೋದ ವರ್ಷ ಕಾಲೇಜು ಬಿಟ್ಟ ಹುಡುಗನದ್ದು. ನಾಳೆ ಏನಾದರೂ ಕುಸಿದರೆ ಮೊದಲು ಠಾಣೆಗೆ ಹೋಗುವವರಲ್ಲಿ ಅವನೂ ಒಬ್ಬ.

ಇದಕ್ಕೆ ಅವನ ಬೆನ್ನಿಗೆ ನಿಲ್ಲುವ ಸಂಸ್ಥೆ ಯಾವುದು? 1972ರ ಕಾಯ್ದೆ ಪ್ರಕಾರ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಬೇಕಾದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಬೇಕು. ಇಂಜಿನಿಯರಿಗೆ ದೇಶಕ್ಕೆಲ್ಲ ಅನ್ವಯಿಸುವ ಅಂಥ ಕಾನೂನಿಲ್ಲ. ಹಾಗಾಗಿ ಮೋಲ್ಡ್ ಹಾಕಿಸಿ ರೂಢಿಯಾದ ಯಾರೇ ಆದರೂ ಜನರ ಬಾಯಲ್ಲಿ ಇಂಜಿನಿಯರ್ರೇ. ತಾಲೂಕಿನಲ್ಲಿ ಆಫೀಸು ತೆರೆದರೆ ಪೈಪೋಟಿ ಅವರ ಜೊತೆಗೇ. ಅವರು ಪ್ಲಾನನ್ನು ಪುಕ್ಕಟೆ ಬರೆದುಕೊಟ್ಟು ಕಟ್ಟುವ ಕೆಲಸದಲ್ಲಿ ದುಡ್ಡು ತೆಗೆಯುತ್ತಾರೆ. ಬರೀ ಪ್ಲಾನಿಗೆ ಫೀಸು ಕೇಳುವವರ ಹತ್ತಿರ ಯಾರು ಬರುತ್ತಾರೆ?

ಸಂಬಳದ ವಿಷಯ. ಕಡಿಮೆ ಅನ್ನುವುದಕ್ಕಿಂತ ತಡ ಅನ್ನುವುದೇ ದೊಡ್ಡ ತಾಪತ್ರಯ. ಇಲಾಖೆಯಿಂದ ಕಂಟ್ರಾಕ್ಟರಿಗೆ ಬಿಲ್ ಆಗಬೇಕು, ಆಮೇಲೆ ನಮಗೆ. ಎಜುಕೇಶನ್ ಲೋನಿನ ಕಂತು ಮಾತ್ರ ತಿಂಗಳು ತಪ್ಪುವುದಿಲ್ಲ. ಕಾಂಕ್ರೀಟ್ ಶುರುವಾದರೆ ನಡುವೆ ನಿಲ್ಲಿಸುವ ಹಾಗಿಲ್ಲ, ಹಾಗಾಗಿ ರಾತ್ರಿ ಹನ್ನೊಂದಾದರೂ ಅಲ್ಲೇ ಇರಬೇಕು. ಹೆಣ್ಣುಮಕ್ಕಳಿಗೆ ಎಷ್ಟೋ ಸೈಟುಗಳಲ್ಲಿ ಶೌಚಾಲಯವೇ ಇಲ್ಲ. ನೀರು ಕುಡಿಯದೇ ದಿನ ದೂಡುವುದನ್ನೂ "ಕಲಿಕೆ" ಅನ್ನೋಣವಾ?

ಇನ್ನು ತುಂಗಭದ್ರಾ. ಕನ್ನಯ್ಯ ನಾಯ್ಡು ಅವರ ಬಗ್ಗೆ ನನಗೂ ಗೌರವವಿದೆ. ಆದರೆ ಅಷ್ಟು ದೊಡ್ಡ ಅಣೆಕಟ್ಟೆಗೆ ಆ ವಯಸ್ಸಿನವರನ್ನೇ ಕರೆಸಬೇಕಾಗಿ ಬಂತಲ್ಲ, ನಡುವಿನ ತಲೆಮಾರು ಎಲ್ಲಿ ಹೋಯಿತು? ಚೆನ್ನಾಗಿ ಬೆಳೆಯಬಹುದಾಗಿದ್ದ ಎಷ್ಟೋ ಮಂದಿ ಸೈಟು ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಅವರಿಗೆ ಕಾಂಕ್ರೀಟ್ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ.

ಒಳ್ಳೆ ಡಿಸೈನ್ ಆಫೀಸಿನಲ್ಲಿ ಕೆಲಸ ಸಿಕ್ಕರೆ ಇರಿ. ಸರ್ಕಾರಿ ಹುದ್ದೆಗೆ ಓದುವುದಾದರೆ ಮನೆಯ ಖರ್ಚು ನೋಡಿಕೊಳ್ಳುವವರು ಇದ್ದಾರಾ ಎಂದು ಮೊದಲು ವಿಚಾರಿಸಿ, ಯಾಕೆಂದರೆ ಅರ್ಜಿ ಕರೆಯುವುದಕ್ಕೂ ಆದೇಶ ಕೈಗೆ ಬರುವುದಕ್ಕೂ ನಡುವೆ ವರ್ಷಗಳೇ ಹೋಗಬಹುದು. ಇವೆರಡೂ ಇಲ್ಲದೆ, ಎರಡು ವರ್ಷ ಸೈಟಿನಲ್ಲಿ ದುಡಿದ ಮೇಲೂ ಸಂಬಳ ಮೂರು ತಿಂಗಳು ತಡವಾಗಿಯೇ ಬರುತ್ತಿದ್ದರೆ, ಸುಮ್ನೆ ರಾಜೀನಾಮೆ ಬರೆಯಿರಿ. ಬಾಕಿ ಸಂಬಳ ಇಸಿದುಕೊಂಡೇ ಕೊಡಿ.