ಅಂಟು ಜಾಸ್ತಿಯಾದರೆ ಬಾಲ ಭಾರ
ಹಾರಿಸುವ ಪುಟ್ಟ ಮಾದರಿ ವಿಮಾನಗಳ ರಿಪೇರಿ ಕುರಿತ ನಿಮ್ಮ ಬರಹದಲ್ಲಿ ಮೋಟರ್ ಬಗ್ಗೆ ಹೇಳಿದ್ದು ಸರಿಯಾಗಿದೆ. ಆದರೆ ಮುರಿದ ಫೋಮ್ ವಿಮಾನಕ್ಕೆ ಯಾವ ಅಂಟಾದರೂ ನಡೆಯುತ್ತದೆ ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಥರ್ಮೋಕೋಲ್ ಥರದ ಬಿಳಿ ಫೋಮ್‌ಗೆ ಮಾಮೂಲಿ ಸೂಪರ್ ಗ್ಲೂ ಹಾಕಿ ನೋಡಿ, ಅಂಟುವ ಬದಲು ಕರಗಿ ಗುಳಿ ಬೀಳುತ್ತದೆ. ನನ್ನ ಮೊದಲ ರೆಕ್ಕೆ ಹಾಳಾಗಿದ್ದೇ ಹಾಗೆ. ಅದಕ್ಕೆ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ವಾಸಿ, ಅದೂ ತೆಳ್ಳಗೆ. ಬಾಲದ ಹತ್ತಿರ ಧಾರಾಳವಾಗಿ ಸುರಿದರೆ ತೂಕ ಹಿಂದಕ್ಕೆ ಹೋಗುತ್ತದೆ. ವಿಮಾನ ಮೂತಿ ಎತ್ತಿ, ವೇಗ ಕಳೆದುಕೊಂಡು ದೊಪ್ಪನೆ ಬೀಳುತ್ತದೆ. ರಿಪೇರಿ ಆದಮೇಲೆ ಬ್ಯಾಟರಿ ಕೂರಿಸಿ, ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ (ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಳತೆಯ) ಶೇ. 25–30ರಷ್ಟು ಹಿಂದೆ, ಎರಡೂ ಬದಿಯ ರೆಕ್ಕೆಯಡಿ ಒಂದೊಂದು ಬೆರಳಿಟ್ಟು ಎತ್ತಿ. ಬಾಲ ಇಳಿದರೆ ಬ್ಯಾಟರಿಯನ್ನೇ ಸ್ವಲ್ಪ ಮುಂದಕ್ಕೆ ತಳ್ಳಿ. ತೂಕ ಸರಿದೂಗಿಸೋಕೆ ಸುಮ್ನೆ ಮೂತಿಗೆ ಸೀಸ ತುಂಬೋದು ಯಾಕೆ, ಅಲ್ವಾ?