ನಮ್ಮನೆ ಕೋಳಿ ಪಂಚಾಂಗ ನೋಡಲ್ಲ

ಹೋದ ನವರಾತ್ರಿಗೆ ನಮ್ಮನೆಯಲ್ಲಿ ಗೊಂಬೆ ಕೂರಿಸಿದಾಗ ಪಟ್ಟದ ರಾಜ ರಾಣಿ ಕೂರುವ ಮೇಲಿನ ಮೆಟ್ಟಿಲು ಖಾಲಿ ಇತ್ತು. ಬಂದವರೆಲ್ಲ ಅರಿಶಿನ ಕುಂಕುಮ ತೆಗೆದುಕೊಳ್ಳುತ್ತಾ ಒಂದು ಸಲ ಮೇಲೆ ನೋಡುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. "ಪಟ್ಟದ ಗೊಂಬೆ ಎಲ್ಲಿ?" ಮೊದಲೆರಡು ದಿನ, ಬಣ್ಣ ಹಚ್ಚಿಸೋಕೆ ಕೊಟ್ಟಿದ್ದೀವಿ ಅಂದೆ. ಮೂರನೇ ದಿನ ನಮ್ಮತ್ತೆ, ಸುಳ್ಳು ಹೇಳೋಕೆ ಬರದ ಜೀವ, "ಹಿತ್ಲಲ್ಲವೆ ಕಣವ್ವ, ಮ್ಯಾಲೆ ಕೋಳಿ ಕುಂತದೆ" ಅಂದುಬಿಟ್ಟರು. ಅಲ್ಲಿಂದಾಚೆ ಯಾರೂ ಗೊಂಬೆ ನೋಡಲಿಲ್ಲ. ಎಲ್ಲರೂ ಸೀದಾ ಹಿತ್ತಲಿಗೇ ಹೋದರು.

ಇದು ಹೇಗಾಯ್ತು ಅಂತ ಹೇಳಬೇಕಾದರೆ ಕೋಳಿ ಮನೆಗೆ ಬಂದದ್ದರಿಂದ ಶುರು ಮಾಡಬೇಕು. ನಮ್ಮದು ಮೈಸೂರಿನ ಇಟ್ಟಿಗೆಗೂಡಿನಲ್ಲಿ ಹಳೇ ಮನೆ. ಹಿಂದೆ ಒಂದಿಷ್ಟು ಹಿತ್ತಲು, ಒಂದು ನುಗ್ಗೆ ಮರ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು. ಒಂದು ಬೆಳಗ್ಗೆ ಸೊಪ್ಪು ತಗೊಳೋಣ ಅಂತ ಬಾಗಿಲಿಗೆ ಹೋದವಳು ಮೂರು ಕೋಳಿ ಮರಿ ಹಿಡಿದುಕೊಂಡು ಒಳಗೆ ಬಂದೆ. ಸೊಪ್ಪಿನವಳು ಇನ್ನೂ ಬಂದಿರಲಿಲ್ಲ, ಗಿರಿರಾಜ ಮರಿ ಮಾರುವ ಆಟೋ ಬಂದಿತ್ತು, ಅಷ್ಟೇ. "ಮೂರೂ ಹ್ಯಾಟೆನೇ ಅಕ್ಕ, ಗ್ಯಾರಂಟಿ" ಅಂದ ಆಟೋದವನು. ಹ್ಯಾಟೆ ಅಂದರೆ ಹೆಣ್ಣು ಕೋಳಿ. ಅಂಗೈ ಮೇಲೆ ಹತ್ತಿ ಉಂಡೆ ಥರ ಕೂತಿರೋ ಮರಿ ನೋಡಿ ಗ್ಯಾರಂಟಿ ಕೊಡೋನು ಕೊಟ್ಟ, ನಂಬೋಳು ನಂಬಿದೆ.

ಗಿರಿರಾಜ ಅಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲಲ್ಲಿ ಸಾಕುವವರಿಗೆ ಅಂತಲೇ ತಯಾರಾದ ತಳಿ. ನಾಟಿಗಿಂತ ದಪ್ಪ ಬೆಳೆಯುತ್ತದೆ, ಜಾಸ್ತಿ ಮೊಟ್ಟೆ ಇಡುತ್ತದೆ. ಆದರೆ ಕಾವಿಗೆ ಕೂರುವ ಗೋಜಿಗೆ ಸಾಮಾನ್ಯವಾಗಿ ಹೋಗಲ್ಲ. ಮೊಟ್ಟೆ ಇಟ್ಟು ಎದ್ದು ಹೋಗುತ್ತದೆ, ಮಗೂನ ಹಾಸ್ಟೆಲಿಗೆ ಸೇರಿಸಿದ ಹಾಗೆ. ಅದಕ್ಕೇ ಅತ್ತೆ ಮದ್ದೂರಿನ ಕಡೆಯ ತಮ್ಮ ಊರಿಗೆ ಹೋದಾಗ ಒಂದು ಕರೀ ನಾಟಿ ಹ್ಯಾಟೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ದಾರಿಯುದ್ದಕ್ಕೂ ಅದು ಸುಮ್ನೆ ಇತ್ತಂತೆ. ನಮ್ಮನೆಗೆ ಬಂದಮೇಲೆ ಎಂದೂ ಸುಮ್ನೆ ಇರಲಿಲ್ಲ. ಅದಕ್ಕೆ ಕರಿ ಅಂತಲೇ ಹೆಸರಾಯ್ತು.

ಆಟೋದವನ ಮೂರು ಹ್ಯಾಟೆಗಳಲ್ಲಿ ಒಂದಕ್ಕೆ ನಾಲ್ಕನೇ ತಿಂಗಳಿಗೆ ಬಾಲದಲ್ಲಿ ಕುಡುಗೋಲಿನಂಥ ಗರಿ ಬಂತು. ನಾವು ನೋಡಿಯೂ ನೋಡದ ಹಾಗೆ ಇದ್ದೆವು. ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ತುಕ್ಕು ಹಿಡಿದ ಗೇಟು ಯಾರೋ ಎಳೆದ ಹಾಗೆ ಸದ್ದಾಯ್ತು. ನಮ್ಮ ಯಜಮಾನರು ಕಳ್ಳ ಅಂತ ದೊಣ್ಣೆ ಹಿಡಿದು ಹೋದರು. ಗೇಟಿಗೆ ಹಾಕಿದ್ದ ಬೀಗ ಹಾಗೇ ಇತ್ತು. ಕಲ್ಲಿನ ಮೇಲೆ ನಿಂತು ನಮ್ಮ "ಹ್ಯಾಟೆ" ಗಂಟಲು ಸರಿಮಾಡಿಕೊಳ್ಳುತ್ತಿತ್ತು. ದಿನಾ ಒಂದೇ ಹೊತ್ತಿಗೆ ಬಂದು ಕೂಗಾಡುತ್ತದೆ ಅಂತ ಮಗ ಅದಕ್ಕೆ ಮೇಷ್ಟ್ರು ಅಂತ ಹೆಸರಿಟ್ಟ.

ಮಾರನೇ ವಾರವೇ ಪಕ್ಕದ ಮನೆ ಅಂಕಲ್ ಬಂದರು. ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಏರಿಯಾ ಇರೋದು ಝೂ ಪಕ್ಕದಲ್ಲಿ. ರಾತ್ರಿ ಅಲ್ಲಿಂದ ಏನೇನೋ ಕೂಗು ಕೇಳಿಸುತ್ತದೆ, ಯಾರೂ ಏನೂ ಅನ್ನಲ್ಲ. "ಅಂಕಲ್, ಸಿಂಹ ಕೂಗಿದರೆ ನಿದ್ದೆ ಮಾಡ್ತೀರಾ, ನಮ್ಮ ಹುಂಜ ಕೂಗಿದರೆ ಎದ್ದು ಬರ್ತೀರಾ" ಅಂದೆ. "ನೋಡಮ್ಮ, ಝೂ 1892ರಿಂದ ಇದೆ. ನಿಮ್ಮ ಹುಂಜ ಮೊನ್ನೆ ಬಂದದ್ದು" ಅಂದರು. ಸೀನಿಯಾರಿಟಿ ವಿಷಯದಲ್ಲಿ ನಾನು ಸೋತೆ. ಹೋಗುವಾಗ, 2017ರ ಜನವರಿಯಲ್ಲಿ ಹಕ್ಕಿ ಜ್ವರ ಅಂತ ಅದೇ ಝೂ ಒಂದು ತಿಂಗಳು ಬಾಗಿಲು ಹಾಕಿದ್ದನ್ನೂ ನೆನಪಿಸಿ ಹೋದರು. ಅವರು ನಿವೃತ್ತರು, ದಿನಾ ಕಾರಂಜಿ ಕೆರೆಗೆ ವಾಕಿಂಗ್ ಹೋಗೋರು, ಇಸವಿ ತಿಂಗಳು ಎಲ್ಲ ಬಾಯಲ್ಲೇ ಇರುತ್ತದೆ.

ಹುಂಜ ಕೂಗಬೇಕಾದರೆ ಕತ್ತು ಉದ್ದ ಮಾಡಬೇಕು, ತಗ್ಗಿನ ಮಂಕರಿಯಲ್ಲಿ ಮುಚ್ಚಿಟ್ಟರೆ ಕೂಗಲ್ಲ ಅಂತ ಯಾರೋ ಹೇಳಿದರು. ಮುಚ್ಚಿದೆವು. ಮೇಷ್ಟ್ರು ಮಂಕರಿ ಸಮೇತ ಹಿತ್ತಲೆಲ್ಲ ಓಡಾಡಿ ಕೂಗಿದರು. ಕೊನೆಗೆ ರಾತ್ರಿ ಹೊತ್ತು ಬಚ್ಚಲುಮನೆಯಲ್ಲಿ ಕೂಡಿಹಾಕೋದು ಅಂತಾಯ್ತು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣಲ್ಲ, ಕೂತಲ್ಲೇ ಕೂತಿರುತ್ತದೆ, ಬೆಳಕು ಕಂಡರೆ ಸಾಕು, ಅದಕ್ಕೆ ಬೆಳಗು. ಉಪಾಯ ಚೆನ್ನಾಗಿಯೇ ನಡೆಯುತ್ತಿತ್ತು, ಮದ್ದೂರಿನಿಂದ ನಮ್ಮ ಚಿಕ್ಕಮಾವ ಬಂದು ಉಳಿದುಕೊಳ್ಳೋವರೆಗೆ. ಅವರಿಗೆ ಹೇಳೋದು ಎಲ್ಲರೂ ಮರೆತೆವು. ರಾತ್ರಿ ಎರಡು ಗಂಟೆಗೆ ಎದ್ದರು, ಬಚ್ಚಲಿಗೆ ಹೋದರು, ಬಾಗಿಲು ಹಾಕಿಕೊಂಡರು, ಆಮೇಲೆ ಲೈಟ್ ಹಾಕಿದರು. ಮೇಷ್ಟ್ರಿಗೆ ಬೆಳಗಾಯ್ತು. ನಾಲ್ಕೂ ಕಡೆ ಟೈಲ್ಸ್ ಇರೋ ಪುಟ್ಟ ಜಾಗದಲ್ಲಿ, ಒಂದು ಮೊಳ ದೂರದಿಂದ, ತುಂಬು ಗಂಟಲಲ್ಲಿ ಹುಂಜ ಕೂಗಿದರೆ ಹೇಗಿರುತ್ತದೆ ಅಂತ ಚಿಕ್ಕಮಾವನನ್ನೇ ಕೇಳಬೇಕು. ಅವರು ಚೊಂಬು ಹಿಡಿದುಕೊಂಡೇ ನಡುಮನೆಗೆ ಬಂದು ನಿಂತಿದ್ದರು. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ ಒಂದೇ ಪ್ರಶ್ನೆ: "ಪಿತೃಪಕ್ಷ ಯಾವತ್ತು?"

ಅವರು ಕೇಳಿದ್ದು ಸುಮ್ನೆ ಅಲ್ಲ. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಕೋಳಿ ಸಾರು ಇರಲೇಬೇಕು.

ಆದರೆ ಅದಕ್ಕೂ ಮುಂಚೆ ಶ್ರಾವಣ ಬಂತು. ನಮ್ಮನೆಯಲ್ಲಿ ಸೋಮವಾರ ಮೊಟ್ಟೆ ಮುಟ್ಟಲ್ಲ, ಶನಿವಾರ ಮುಟ್ಟಲ್ಲ, ಅಮಾವಾಸ್ಯೆ ಹುಣ್ಣಿಮೆಗೆ ಅತ್ತೆಯ ಮೂಡ್ ನೋಡಬೇಕು, ಶ್ರಾವಣವಂತೂ ಇಡೀ ತಿಂಗಳು ಇಲ್ಲ. ಆಷಾಢದಲ್ಲಿ ದಿನಕ್ಕೊಂದಕ್ಕೂ ಗತಿಯಿಲ್ಲದ ಹಾಗೆ ಮಾಡಿದ್ದ ಕೋಳಿಗಳು ಶ್ರಾವಣ ಹುಟ್ಟಿದ ದಿನದಿಂದ ಪೈಪೋಟಿ ಮೇಲೆ ಇಡೋಕೆ ಶುರು ಮಾಡಿದವು. ಫ್ರಿಜ್ಜಿನ ಬಾಗಿಲು ತುಂಬಿತು, ತರಕಾರಿ ಡಬ್ಬ ತುಂಬಿತು. ಕೋಳಿಯನ್ನು ಕೇಳಿ ಮಸಾಲೆ ಅರೀತಾರಾ ಅಂತ ಗಾದೆ. ನಮ್ಮನ್ನು ಕೇಳಿ ಮೊಟ್ಟೆ ಇಡುತ್ತವಾ ಅಂತ ಅವೂ ಅಂದುಕೊಂಡಿರಬೇಕು. ಪಕ್ಕದ ಮನೆ ಅಂಕಲ್‌ಗೆ ಒಂದು ಡಜನ್ ಕೊಟ್ಟು ಬಂದೆ. ಲಂಚ ಅಂತ ಅವರಿಗೂ ಗೊತ್ತಿತ್ತು, ತಗೊಂಡರು.

ಶ್ರಾವಣ ಮುಗಿದ ಮೇಲೆ ಇನ್ನೊಂದು ಅವಮಾನ. ನೆಂಟರು ಬಂದರು, ನಮ್ಮನೆ ಕೋಳಿದೇ ಮೊಟ್ಟೆ ಅಂತ ಜಂಬದಿಂದ ಆ ದಿನ ಬೆಳಗ್ಗೆ ಇಟ್ಟಿದ್ದನ್ನೇ ಬೇಯಿಸಿ ಸಾರು ಮಾಡಿದೆ. ಹೊಸಾ ಮೊಟ್ಟೆ ಬೇಯಿಸಿದರೆ ಸಿಪ್ಪೆ ಬಿಡಿಸೋಕೆ ಬರಲ್ಲ, ಬಿಳಿಯೆಲ್ಲ ಸಿಪ್ಪೆಗೇ ಅಂಟಿಕೊಂಡು ಕಿತ್ತು ಬರುತ್ತದೆ, ಒಂದು ವಾರ ಹಳೇದಾದರೆ ಸಲೀಸು. ಇದು ನನಗೆ ಗೊತ್ತಾದದ್ದು ಆವತ್ತೇ. ಸಾರಿನಲ್ಲಿ ತೇಲುತ್ತಿದ್ದವನ್ನು ನೋಡಿ ನೆಂಟರ ಮಗು "ಇದನ್ನ ಯಾರು ಕಚ್ಚಿದ್ದು?" ಅಂತ ಕೇಳಿತು.

ಈಗ ಪೆಟ್ಟಿಗೆ ವಿಷಯ. ಗಣೇಶನ ಹಬ್ಬ ಮುಗಿದ ಮೇಲೆ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಿ ಬಿಸಿಲಿಗೆ ಇಡೋದು ನನ್ನ ಅಭ್ಯಾಸ. ಆವತ್ತು ಇಟ್ಟೆ, ಮುಚ್ಚಳ ತೆಗೆದೆ, ಮೇಲಿದ್ದ ಮಣ್ಣಿನ ಗೊಂಬೆಗಳನ್ನೆಲ್ಲ ಒಳಗೆ ಸಾಗಿಸಿದೆ. ಪಟ್ಟದ ಗೊಂಬೆ ತಳದಲ್ಲಿ, ಹಳೇ ಪಂಚೆಯಲ್ಲಿ ಮಲಗಿದ್ದವು. ಅಷ್ಟರಲ್ಲಿ ಮಳೆ ಹನಿಯಿತು. ಪೆಟ್ಟಿಗೇನ ಹಿಂದಿನ ಜಗುಲಿಯ ಸೂರಿನಡಿಗೆ ತಳ್ಳಿದೆ. ಫೋನ್ ಬಂತು. ಮರೆತೆ. ಹೀಗೆ ಮರೆತದ್ದು ಸುಮಾರು ಹದಿನೈದು ದಿನ.

ಆ ಹದಿನೈದು ದಿನ ಕರಿ ಎಲ್ಲಿ ಮೊಟ್ಟೆ ಇಡುತ್ತಿದ್ದಾಳೆ ಅಂತ ಹುಡುಕಿ ನಮಗೆ ಸಾಕಾಗಿತ್ತು. ನುಗ್ಗೆ ಬುಡ, ಸಿಲಿಂಡರ್ ಸಂದಿ, ಯಜಮಾನರ ಹೆಲ್ಮೆಟ್, ಎಲ್ಲ ನೋಡಿದ್ದೆವು. ಒಂದು ಸಂಜೆ ಪೆಟ್ಟಿಗೆ ನೆನಪಾಗಿ ಹೋಗಿ ನೋಡಿದರೆ, ರಾಜ ರಾಣಿಯ ಮೇಲೆ ಕರಿ ಅಗಲವಾಗಿ, ಹಪ್ಪಳದ ಹಾಗೆ ಹರಡಿಕೊಂಡು ಕೂತಿದ್ದಾಳೆ. ಕೈ ಹತ್ತಿರ ಹೋದರೆ ಗರಿಯೆಲ್ಲ ಕೆದರಿಕೊಂಡು ಗುರ್ರ್ ಅನ್ನುತ್ತಾಳೆ. ಅತ್ತೆ ಬಂದು ನೋಡಿ, "ಕಾವ್ಗೆ ಕುಂತದೆ ಕಣವ್ವ. ಈಗ ಎಬ್ಬಿಸ್ಬ್ಯಾಡ, ಎಬ್ಬಿಸಿದ್ರೆ ಮತ್ತೆ ಕೂರಕಿಲ್ಲ" ಅಂದರು. ಅವಳ ಹಳೇ ಮೊಟ್ಟೆ ತೆಗೆದು, ಗಿರಿರಾಜ ಕೋಳಿಗಳ ಹೊಸಾ ಮೊಟ್ಟೆ ಒಂಬತ್ತು ಎಣಿಸಿ ಅವಳ ಹೊಟ್ಟೆ ಕೆಳಗೆ ತಳ್ಳಿದರು. ಬೆಸ ಸಂಖ್ಯೆಯೇ ಆಗಬೇಕಂತೆ. ಯಾಕೆ ಅಂತ ಕೇಳಿದ್ದಕ್ಕೆ, "ನಮ್ಮವ್ವ ಹಂಗೇ ಇಡ್ತಿದ್ಲು" ಅಂದರು. ಅಲ್ಲಿಗೆ ಮುಗೀತು.

"ಪಟ್ಟದ ಗೊಂಬೆ ಅತ್ತೆ!" ಅಂದೆ. "ಇರ್ಲಿ ಬುಡು, ರಾಜರಿಗೂ ಬೆಚ್ಚಗಿರ್ತದೆ" ಅಂದರು. ಗೊಂಬೆ ಬಂದದ್ದು ನನ್ನ ತವರಿನಿಂದ, ಮದುವೆಯಲ್ಲಿ ಕೊಟ್ಟದ್ದು. ಅವರ ತವರಿನ ಗೊಂಬೆಯಾಗಿದ್ದರೆ ಹೀಗನ್ನುತ್ತಿದ್ದರಾ ಅಂತ ನನಗಿನ್ನೂ ಅನುಮಾನ.

ಯಜಮಾನರು ಕ್ಯಾಲೆಂಡರ್ ತಂದರು. ಕೋಳಿ ಮೊಟ್ಟೆ ಮರಿಯಾಗೋಕೆ 21 ದಿನ. ಬೆರಳಿಟ್ಟು ಎಣಿಸುತ್ತಾ ಹೋದರು. ಬೆರಳು ಹೋಗಿ ನಿಂತದ್ದು ವಿಜಯದಶಮಿ ಮೇಲೆ.

ದಿನಕ್ಕೊಂದು ಸಲ ಕರಿ ಎದ್ದು ಬಂದು, ಕಾಳು ತಿಂದು, ನೀರು ಕುಡಿದು, ಒಂದು ಭರ್ಜರಿ ಹಿಕ್ಕೆ ಹಾಕಿ ಹದಿನೈದು ನಿಮಿಷದಲ್ಲಿ ವಾಪಸ್ ಹೋಗುತ್ತಿದ್ದಳು. ಆ ಹದಿನೈದು ನಿಮಿಷದಲ್ಲಿ ಗೊಂಬೆ ಎಳೆದುಬಿಡೋಣ ಅಂತ ಯಜಮಾನರು ಪೆಟ್ಟಿಗೆಗೆ ಮೊಣಕೈವರೆಗೆ ಕೈ ಹಾಕಿದರು. ಆವತ್ತು ಅವಳು ಐದೇ ನಿಮಿಷಕ್ಕೆ ಬಂದಳು. ಮಾರನೇ ದಿನ ಆಫೀಸಿನಲ್ಲಿ ಕೈಗೆ ಕಟ್ಟಿದ ಬಟ್ಟೆ ನೋಡಿ ಏನಾಯ್ತು ಅಂದಾಗ, ಕೋಳಿ ಅನ್ನೋಕೆ ನಾಚಿಕೆಯಾಗಿ ನಾಯಿ ಅಂದರಂತೆ. ಸಹೋದ್ಯೋಗಿಗಳು ಒಳ್ಳೆಯವರು, ಇಬ್ಬರು ಸೇರಿ ರೇಬಿಸ್ ಇಂಜೆಕ್ಷನ್‌ಗೆ ಕರೆದುಕೊಂಡು ಹೊರಟೇಬಿಟ್ಟರು. ಸ್ಕೂಟರಿನ ಮೇಲೆ ಕೂತಮೇಲೆ ನಿಜ ಹೇಳಿದರಂತೆ. ಈಗಲೂ ಆಫೀಸಿನಲ್ಲಿ ಅವರನ್ನು ನೋಡಿ ಯಾರೋ ಒಬ್ಬರು ಕೊಕ್ಕೊಕ್ಕೋ ಅನ್ನುತ್ತಾರೆ.

ಏಳನೇ ರಾತ್ರಿ ಮಗ ಮೊಟ್ಟೆಗಳ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿದ. ಎಂಟರಲ್ಲಿ ಜೇಡರ ಬಲೆಯಂಥ ಕೆಂಪು ನರ, ಒಂದು ಗೊಡ್ಡು. ಎಂಟು ಅಂದರೆ ಸಮ ಸಂಖ್ಯೆ. ಅತ್ತೆಗೆ ಹೇಳಲಿಲ್ಲ.

ಅದೇ ದಿನಗಳಲ್ಲಿ ದಸರಾ ಆನೆಗಳಿಗೆ ಕುಶಾಲತೋಪಿನ ತಾಲೀಮು. ಆನೆ, ಕುದುರೆ ಬೆಚ್ಚಬಾರದು ಅಂತ ಅವುಗಳ ಹತ್ತಿರದಲ್ಲೇ ಫಿರಂಗಿ ಹಾರಿಸಿ ಮುಂಚಿತವಾಗಿ ಅಭ್ಯಾಸ ಮಾಡಿಸುತ್ತಾರೆ. ಕೋಳಿಗಳಿಗೆ ಅಂಥ ವ್ಯವಸ್ಥೆ ಏನೂ ಇಲ್ಲ. ಅರಮನೆ ಕಡೆಯಿಂದ ಮೊದಲ ಢಂ ಕೇಳಿದ್ದೇ ತಡ, ಗಿರಿರಾಜ ಎರಡೂ ಅಡುಗೆಮನೆಗೆ ನುಗ್ಗಿದವು. ಒಂದು ಮಿಕ್ಸಿ ಮೇಲೆ. ಇನ್ನೊಂದು ಉಬ್ಬೋಕೆ ಇಟ್ಟಿದ್ದ ದೋಸೆ ಹಿಟ್ಟಿನಲ್ಲಿ, ತೊಡೆಯವರೆಗೆ. ಎರಡನೇ ಢಂಗೆ ಅದು ಹಿಟ್ಟಿನ ಕಾಲಲ್ಲೇ ನಡುಮನೆ ದಾಟಿ ದೇವರ ಮನೆ ಬಾಗಿಲವರೆಗೆ ಹೋಯಿತು. ಹೆಜ್ಜೆ ಅಚ್ಚುಕಟ್ಟಾಗಿ ಮೂಡಿದ್ದವು, ಗೋಕುಲಾಷ್ಟಮಿಗೆ ಕೃಷ್ಣನ ಪಾದ ಬರೆದ ಹಾಗೆ. ಮೇಷ್ಟ್ರು ಅಂಕಲ್ ಮನೆ ತಾರಸಿಯಲ್ಲಿ ಸಿಕ್ಕಿದರು. ಎರಡು ದಿನ ಮೊಟ್ಟೆಯೇ ಇಲ್ಲ, ಮೂರನೇ ದಿನ ಬಂದದ್ದು ಚಿಪ್ಪೇ ಇಲ್ಲದ ಮೆತ್ತನೆ ಮೊಟ್ಟೆ. ಕರಿ ಮಾತ್ರ ಪೆಟ್ಟಿಗೆ ಬಿಟ್ಟು ಅಲುಗಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಚಿಕ್ಕಮಾವ ಬಂದರು. ನೆಟ್ಟಗೆ ಹಿತ್ತಲಿಗೆ ಹೋಗಿ ಮೇಷ್ಟ್ರನ್ನು ನೋಡಿದರು. ಮೇಷ್ಟ್ರೂ ಅವರನ್ನು ನೋಡಿದರು. ಅತ್ತೆ ಅಡ್ಡ ಬಂದರು. "ಅಲ್ಲಿ ಮಕ್ಳು ಮೊಟ್ಟೆ ಒಳ್ಗವೆ, ಅಪ್ಪನ್ನ ಕುಯ್ಯದಾ? ತೆಗಿ ತೆಗಿ" ಅಂದರು. ಹಾಗಾಗಿ ಮನೆಯಲ್ಲಿ ಮೂರು ಕೆಜಿ ಹುಂಜ ಓಡಾಡುತ್ತಿರಬೇಕಾದರೆ ಅಂಗಡಿಯಿಂದ ಕೋಳಿ ತಂದು ಎಡೆ ಇಟ್ಟೆವು. ಚಿಕ್ಕಮಾವ ಊಟ ಮಾಡುವಷ್ಟು ಹೊತ್ತೂ ಮೇಷ್ಟ್ರು ಕಿಟಕಿ ಮೇಲೆ ನಿಂತಿದ್ದರು.

ಮಾರನೇ ದಿನ ಪಾಡ್ಯ. ಗೊಂಬೆ ಕೂರಿಸಿದೆವು, ಮೇಲಿನ ಮೆಟ್ಟಿಲು ಖಾಲಿ, ಅಲ್ಲಿಂದ ಮುಂದಿನದು ಆಗಲೇ ಹೇಳಿದೆ. ಗೊಂಬೆ ಬಾಗಿನಕ್ಕೆ ಬಂದ ಮಕ್ಕಳು ಚಕ್ಕುಲಿ ಬಾಯಿಗೆ ಹಾಕಿಕೊಂಡು ಪೆಟ್ಟಿಗೆ ಸುತ್ತ ಕೂರುತ್ತಿದ್ದವು. ಅವಕ್ಕೆ ಕರಿ ಏನೂ ಮಾಡುತ್ತಿರಲಿಲ್ಲ, ಬರೀ ಯಜಮಾನರನ್ನು ಕಂಡರೆ ಮಾತ್ರ ಗುರ್ರ್. ನಮ್ಮಮ್ಮ ದಿನಾ ಫೋನ್ ಮಾಡಿ, "ಪಟ್ಟದ ಗೊಂಬೆ ಫೋಟೋ ಕಳಿಸೇ" ಅನ್ನುತ್ತಿದ್ದರು. ನೆಟ್‌ವರ್ಕ್ ಇಲ್ಲಮ್ಮ ಅನ್ನುತ್ತಿದ್ದೆ. ನೆಟ್‌ವರ್ಕ್ ಇಲ್ಲದೆ ಅರ್ಧ ಗಂಟೆ ಹೇಗೆ ಮಾತಾಡ್ತಿದ್ದೀಯ ಅಂತ ಪಾಪ ಅವರು ಕೇಳಲಿಲ್ಲ.

ಆಯುಧಪೂಜೆ ರಾತ್ರಿ ಮೊಟ್ಟೆಯೊಳಗಿಂದ ಚಿಂವ್ ಅಂತ ಕೇಳಿತು. ವಿಜಯದಶಮಿ ಮಧ್ಯಾಹ್ನ ಎಲ್ಲರೂ ಟಿವಿ ಮುಂದೆ. ಇಟ್ಟಿಗೆಗೂಡಿನಲ್ಲಿ ಜಂಬೂಸವಾರಿಯ 21 ಕುಶಾಲತೋಪು ನಲವತ್ತೆರಡು ಸಲ ಕೇಳುತ್ತದೆ. ಮೊದಲು ಕಿಟಕಿಯಿಂದ, ಒಂದಷ್ಟು ಸೆಕೆಂಡ್ ಬಿಟ್ಟು ಟಿವಿಯಿಂದ. ಆ ನಲವತ್ತೆರಡು ಢಂ ನಡುವೆ ಮಗ ಹಿತ್ತಲಿಂದ ಕೂಗುತ್ತಿದ್ದ: ಮೂರು ಬಂತು, ನಾಲ್ಕು ಬಂತು. ರಾತ್ರಿಯೊಳಗೆ ಏಳು. ಎಂಟನೆಯದು ಆಗಲಿಲ್ಲ. "ನೋಡ್ದಾ, ಬೆಸ" ಅಂದರು ಅತ್ತೆ.

ಎರಡು ದಿನ ಬಿಟ್ಟು ಕರಿ ಮಕ್ಕಳನ್ನು ಕರೆದುಕೊಂಡು ಪೆಟ್ಟಿಗೆ ಇಳಿದಳು. ರಾಜ ಚೆನ್ನಾಗಿದ್ದ, ಕಿರೀಟದ ಮೇಲೆ ಒಂದು ಚಿಪ್ಪಿನ ಚೂರು ಬಿಟ್ಟರೆ. ರಾಣಿಯ ರೇಷ್ಮೆ ಸೀರೆ ಎಳೆ ಎಳೆಯಾಗಿ ಗೂಡಿನ ಹಾಸಿಗೆಯಾಗಿತ್ತು. ತೊಳೆದು, ಒರೆಸಿ, ಒಂದು ಹಸಿರು ರವಿಕೆ ಕಣ ಉಡಿಸಿ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಒಂದೇ ನಿಮಿಷದಲ್ಲಿ ಫೋನ್. "ರಾಣಿ ಉಟ್ಟಿರೋದು ನಿನ್ನ ಸೀಮಂತಕ್ಕೆ ನಾನು ಕೊಟ್ಟ ಕಣ ಅಲ್ವೇನೇ?"

ಮರಿಗಳಿಗೀಗ ಮೂರು ತಿಂಗಳು. ಅತ್ತೆ ಮೊನ್ನೆ ಒಂದೊಂದನ್ನೇ ಹಿಡಿದು ಜುಟ್ಟು, ಕಾಲು, ಬಾಲ ಎಲ್ಲ ನೋಡಿ, ಏಳರಲ್ಲಿ ಐದು ಹುಂಜ ಅಂದರು. ನಿನ್ನೆ ಸಂಜೆ ಅಂಕಲ್ ಕಾಂಪೌಂಡಿನ ಮೇಲಿಂದ ಬಗ್ಗಿ, ತುಂಬಾ ಹೊತ್ತು ಎಣಿಸಿ, "ಏನಮ್ಮ, ಇದರಲ್ಲಿ ಹುಂಜ ಎಷ್ಟು?" ಅಂದರು.

"ಎಲ್ಲಾ ಹ್ಯಾಟೆನೇ ಅಂಕಲ್" ಅಂದೆ. "ಗ್ಯಾರಂಟಿ."